ಪಾದರಕ್ಷೆ ಮತ್ತು ಮಾತ್ರೆ

ದೂರ ಓಡುವವರ ಸ್ನಾಯು ಓಟದಲ್ಲಿ ಸವೆಯುತ್ತದೆ, ವಿಶ್ರಾಂತಿಯಲ್ಲಿ ಬಲಿಯುತ್ತದೆ. ಸವೆತವನ್ನು ತಡೆದರೆ ಮೈ ಬೇಗ ಚೇತರಿಸಿಕೊಂಡೀತು ಎಂಬ ನಂಬಿಕೆಯಿಂದ ಓಟಗಾರರು ಹಲವು ದಶಕಗಳಿಂದ ವಿಟಮಿನ್ ಸಿ ಮತ್ತು ವಿಟಮಿನ್ ಇ ಮಾತ್ರೆಗಳನ್ನು ನುಂಗುತ್ತ ಬಂದಿದ್ದಾರೆ. ಈ ನಂಬಿಕೆಯನ್ನು ಪ್ರಯೋಗಗಳು ಒರೆಗೆ ಹಚ್ಚಿದಾಗ ದೊರೆತ ಉತ್ತರ ಕ್ರೀಡಾವಿಜ್ಞಾನದ ಅಂಗಳ ದಾಟಿ ಇನ್ನೂ ಹಳೆಯ ಒಂದು ಪ್ರಶ್ನೆಯನ್ನು ಮುಟ್ಟುತ್ತದೆ. ನೋವನ್ನು ತೆಗೆದುಹಾಕುವುದು ಯಾವಾಗಲೂ ಒಳ್ಳೆಯದೇ? ಒಳಿತನ್ನು ಹುಟ್ಟಿಸುವ ಕೆಡುಕು ಇದ್ದರೆ ಅದನ್ನು ಕೆಡುಕೆಂದು ಕರೆಯಬಹುದೇ? ತಪಸ್ಸು, ದುಃಖ, ದೇವರ ನ್ಯಾಯ ಎಂಬ ಹೆಸರುಗಳಲ್ಲಿ ಧರ್ಮಗಳು ಸಾವಿರಾರು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆ ಅದು.

ಮೊದಲು ಸ್ನಾಯುವಿನ ಸಂಗತಿ. ಶಿವರಾತ್ರಿಯ ಹೊತ್ತಿಗೆ ಹಾಸನ, ಚಿಕ್ಕಮಗಳೂರು, ಬೆಂಗಳೂರು ಕಡೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟ ಭಕ್ತರು ಚಾರ್ಮಾಡಿ ಘಾಟಿಯನ್ನು ಇಳಿಯುತ್ತಾರೆ. ಏರುವಾಗ ಏದುಸಿರು ಬರುತ್ತದೆ, ಇಳಿಯುವಾಗ ಉಸಿರಿಗೆ ಕಷ್ಟವೇ ಇಲ್ಲ. ಆದರೆ ತೊಡೆಯ ಮುಂಭಾಗ ಹಿಡಿದುಕೊಳ್ಳುವುದು ಇಳಿದ ಮೇಲೆ, ಅದೂ ಅಂದೇ ಅಲ್ಲ, ಮರುದಿನ ಮತ್ತು ಅದರ ಮರುದಿನ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ಅಡ್ಡಡ್ಡ ಹೆಜ್ಜೆ ಇಡಬೇಕಾಗುತ್ತದೆ. ನೆಲದ ಮೇಲೆ ಕೂತವರು ಅಂಗೈ ಊರದೆ ಏಳಲಾರರು. ಇಳಿಜಾರಿನಲ್ಲಿ ತೊಡೆಯ ಸ್ನಾಯು ಮೈಭಾರವನ್ನು ತಡೆಯಲು ಬಿಗಿಯುತ್ತಿರುವಾಗಲೇ ಎಳೆದು ಉದ್ದವಾಗುತ್ತಿರುತ್ತದೆ. ಬಿಗಿತ ಮತ್ತು ಎಳೆತ ಒಟ್ಟಿಗೇ ಬಿದ್ದಾಗ ಸ್ನಾಯುತಂತುಗಳ ಒಳಗಿನ ಸೂಕ್ಷ್ಮ ಜೋಡಣೆಗಳು ಅಲ್ಲಲ್ಲಿ ಹರಿಯುತ್ತವೆ. ಕೆಲವು ಗಂಟೆಗಳಲ್ಲಿ ಬಿಳಿ ರಕ್ತಕಣಗಳು ಅಲ್ಲಿಗೆ ಸೇರಿ ಹಾಳಾದ ಭಾಗವನ್ನು ಕಿತ್ತು ತಿನ್ನುತ್ತವೆ. ಆ ಜಾಗ ಊದಿಕೊಳ್ಳುತ್ತದೆ, ಮುಟ್ಟಿದರೆ ನೋಯುತ್ತದೆ. ನೋವು 24ರಿಂದ 72 ಗಂಟೆಯೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಇಂದಿಗೂ ಹೇಳುವವರುಂಟು, ಅದು ತಪ್ಪು. ಓಟ ನಿಂತ ಒಂದೆರಡು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಮರಳಿರುತ್ತದೆ, ನೋವು ಶುರುವಾಗುವುದೇ ಅದರ ನಂತರ.

ಕಿತ್ತು ತಿನ್ನುವ ಕೆಲಸದ ಬೆನ್ನಿಗೇ ಕಟ್ಟುವ ಕೆಲಸ ನಡೆಯುತ್ತದೆ. ಸ್ನಾಯುತಂತುಗಳ ಅಂಚಿನಲ್ಲಿ ಸುಮ್ಮನೆ ಮಲಗಿರುವ ಒಂದು ಬಗೆಯ ಜೀವಕೋಶಗಳಿವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದ ಇವಕ್ಕೆ ಉಪಗ್ರಹ ಕೋಶಗಳೆಂದು ಹೆಸರು. ಪೆಟ್ಟು ಬಿದ್ದಾಗ ಇವು ಎಚ್ಚೆತ್ತು, ಇಬ್ಭಾಗವಾಗುತ್ತ ಹೆಚ್ಚಿ, ಹರಿದ ತಂತುವಿಗೆ ಬೆಸೆದುಕೊಳ್ಳುತ್ತವೆ. ದಿನವೂ ದೂರ ಓಡುವ ಅಭ್ಯಾಸದಿಂದ ಇನ್ನೊಂದು ಬದಲಾವಣೆಯೂ ಆಗುತ್ತದೆ: ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳ ಪ್ರಮಾಣ ಸ್ನಾಯುವಿನೊಳಗೆ ಹೆಚ್ಚುತ್ತದೆ. ಓಟಗಾರರ ದಮ್ಮು ಎಂದು ಜನ ಕರೆಯುವುದರಲ್ಲಿ ಹೃದಯದ ಪಾಲಿನ ಜೊತೆಗೆ ಇವುಗಳ ಪಾಲೂ ದೊಡ್ಡದು.

ಮಾತ್ರೆಯ ಕತೆ ಆಮ್ಲಜನಕದಿಂದಲೇ ಶುರುವಾಗುತ್ತದೆ. ಜೋರಾಗಿ ಓಡುವಾಗ ದೇಹ ಬಳಸುವ ಆಮ್ಲಜನಕ ಸುಮ್ಮನೆ ಕೂತಾಗಿನ ಹತ್ತು ಪಟ್ಟಿಗೂ ಮಿಗಿಲಾಗುತ್ತದೆ. ಅದರಲ್ಲಿ ಒಂದು ಸಣ್ಣ ಪಾಲು ಅರೆಬೆಂದ ರೂಪಗಳಾಗಿ ಉಳಿಯುತ್ತದೆ. ಸೂಪರ್ ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಈ ಚುರುಕಿನ ಕಣಗಳು ಕೈಗೆ ಸಿಕ್ಕ ಕೊಬ್ಬು, ಪ್ರೋಟೀನು, ವಂಶವಾಹಿಗಳನ್ನು ಕೆಡಿಸಬಲ್ಲವು. 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಎಂಬ ಅಮೆರಿಕದ ವಿಜ್ಞಾನಿ ಮುಪ್ಪಿಗೆ ಇಂಥ ಕಣಗಳೇ ಕಾರಣ ಎಂದು ವಾದಿಸಿದರು. ದಣಿಯುವವರೆಗೆ ಓಡಿಸಿದ ಇಲಿಗಳ ಸ್ನಾಯುವಿನಲ್ಲಿ ಇಂಥ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಹೆಚ್ಚಿದ್ದನ್ನು ಕ್ಯಾಲಿಫೋರ್ನಿಯದ ಸಂಶೋಧಕರು 1982ರಲ್ಲಿ ತೋರಿಸಿದರು. ಅಷ್ಟರಲ್ಲಿ ಎರಡು ನೊಬೆಲ್ ಪ್ರಶಸ್ತಿ ಪಡೆದಿದ್ದ ಲೈನಸ್ ಪಾಲಿಂಗ್ ವಿಟಮಿನ್ ಸಿ ಬಗ್ಗೆ 1970ರಲ್ಲಿ ಬರೆದ ಪುಸ್ತಕ ಮನೆಮಾತಾಗಿತ್ತು. ವಿಟಮಿನ್ ಸಿ ಮತ್ತು ಇ ಈ ಕಣಗಳನ್ನು ತಣ್ಣಗಾಗಿಸುವ ಆ್ಯಂಟಿಆಕ್ಸಿಡೆಂಟ್‌ಗಳು. ಓಟ ಬೆಂಕಿ ಹಚ್ಚುತ್ತದೆ, ವಿಟಮಿನ್ ಬೆಂಕಿ ಆರಿಸುತ್ತದೆ, ಆದ್ದರಿಂದ ಓಟಗಾರ ವಿಟಮಿನ್ ನುಂಗಬೇಕು. ತರ್ಕ ನೇರವಾಗಿತ್ತು. ಆ ನೇರದಲ್ಲಿ ಒಂದು ತತ್ತ್ವವೂ ಅಡಗಿತ್ತು, ಅದನ್ನು ಯಾರೂ ಬಿಡಿಸಿ ನೋಡಿರಲಿಲ್ಲ: ಸುಡುವುದೆಲ್ಲ ಶತ್ರು.

ಪ್ರಯೋಗಗಳು ಈ ತತ್ತ್ವವನ್ನು ಒಂದೊಂದೇ ಎಳೆಯಾಗಿ ಬಿಚ್ಚಿದವು. 50 ಕಿಲೋಮೀಟರ್ ಓಟಕ್ಕೆ ಮುಂಚೆ ಆರು ವಾರ ಎರಡೂ ವಿಟಮಿನ್ ತೆಗೆದುಕೊಂಡ ಓಟಗಾರರ ರಕ್ತದಲ್ಲಿ ಕೊಬ್ಬು ಕೆಡುವುದೇನೋ ಕಡಿಮೆಯಾಯಿತು, ಆದರೆ ಸ್ನಾಯುವಿನ ಹಾನಿ ಮತ್ತು ಉರಿಯೂತ ಕಡಿಮೆಯಾಗಲಿಲ್ಲ. ಇಳಿಜಾರು ಓಟದ ನಂತರ ದಿನಕ್ಕೆ ಒಂದು ಗ್ರಾಂ ವಿಟಮಿನ್ ಸಿ ಕೊಟ್ಟು 2006ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೋವು ತಗ್ಗಲಿಲ್ಲ; ಸ್ನಾಯು ತನ್ನ ಬಲಕ್ಕೆ ಮರಳುವುದು ತಡವಾದ ಸೂಚನೆಯೂ ಕಂಡಿತು. ಹವಾಯಿಯ ಟ್ರಯಥ್ಲಾನ್ ಸ್ಪರ್ಧಿಗಳಲ್ಲಿ ಎರಡು ತಿಂಗಳು ವಿಟಮಿನ್ ಇ ನುಂಗಿದವರ ದೇಹದಲ್ಲಿ ಆಕ್ಸಿಡೀಕರಣದ ಗುರುತುಗಳು ನುಂಗದವರಿಗಿಂತ ಹೆಚ್ಚೇ ಇದ್ದವು. 2017ರಲ್ಲಿ ಕಾಕ್ರೇನ್ ಸಂಸ್ಥೆ 50 ಅಧ್ಯಯನಗಳನ್ನು, ಅವುಗಳಲ್ಲಿ ಭಾಗವಹಿಸಿದ 1,089 ಜನರನ್ನು ಒಟ್ಟಿಗೆ ತೂಗಿ ನೋಡಿತು. ಆ್ಯಂಟಿಆಕ್ಸಿಡೆಂಟ್ ಪೂರಕಗಳಿಂದ ಸ್ನಾಯುನೋವಿನಲ್ಲಿ ಆಗುವ ಇಳಿಕೆ ಇದ್ದರೂ ಅದು ನೊಂದವರಿಗೆ ಗೊತ್ತಾಗದಷ್ಟು ಸಣ್ಣದು ಎಂದು ಅದು ತೀರ್ಮಾನಿಸಿತು.

ಮಾತ್ರೆಯಿಂದ ಉಪಯೋಗವಿಲ್ಲ ಎಂಬಲ್ಲಿಗೆ ನಿಂತಿದ್ದರೆ ಇದು ಬರೀ ಹಣದ ಮಾತಾಗುತ್ತಿತ್ತು. ಆದರೆ 2008ರಲ್ಲಿ ಸ್ಪೇನಿನ ವೆಲೆನ್ಸಿಯದ ತಂಡವೊಂದು ವಿಟಮಿನ್ ಸಿ ಕೊಟ್ಟು ತರಬೇತು ಮಾಡಿದ ಇಲಿಗಳು ವಿಟಮಿನ್ ಇಲ್ಲದೆ ತರಬೇತಾದ ಇಲಿಗಳಷ್ಟು ಹೊತ್ತು ಓಡಲಾರವು ಎಂದು ತೋರಿಸಿತು. ಹೊಸ ಮೈಟೊಕಾಂಡ್ರಿಯ ಕಟ್ಟಲು ಬೇಕಾದ ಸೂಚನೆಗಳೇ ಆ ಇಲಿಗಳ ಸ್ನಾಯುವಿನಲ್ಲಿ ಕುಗ್ಗಿದ್ದವು. ಮರುವರ್ಷ ಮೈಕೆಲ್ ರಿಸ್ಟೊ ನೇತೃತ್ವದ ಜರ್ಮನ್ ತಂಡ ಸುಮಾರು 40 ತರುಣರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿತು. ಅರ್ಧದಷ್ಟು ಜನರಿಗೆ ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ, 400 ಯೂನಿಟ್ ವಿಟಮಿನ್ ಇ. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗುವುದು ಎಲ್ಲರಿಗೂ ಗೊತ್ತಿರುವ ಲಾಭ. ಆ ಲಾಭ ಮಾತ್ರೆ ನುಂಗದವರಿಗೆ ಸಿಕ್ಕಿತು, ನುಂಗಿದವರಿಗೆ ಸಿಗಲಿಲ್ಲ. 2014ರಲ್ಲಿ ನಾರ್ವೆಯ ಯೋರಾನ್ ಪಾಲ್ಸನ್ ಮತ್ತು ಸಂಗಡಿಗರು 54 ಯುವಕ ಯುವತಿಯರನ್ನು 11 ವಾರ ಓಡಿಸಿ ನೋಡಿದರು. ಮೈಟೊಕಾಂಡ್ರಿಯಕ್ಕೆ ಸಂಬಂಧಿಸಿದ ಪ್ರೋಟೀನು ಹೆಚ್ಚಿದ್ದು ಮಾತ್ರೆ ಇಲ್ಲದವರಲ್ಲಿ. ಆದರೂ ಎರಡೂ ಗುಂಪಿನ ಓಟದ ಸಾಮರ್ಥ್ಯ ಹೆಚ್ಚುಕಡಿಮೆ ಒಂದೇ ಸಮನೆ ಸುಧಾರಿಸಿತ್ತು. ಇದನ್ನು ಮರೆಮಾಚಬಾರದು. 2010ರ ಒಂದು ಡೆನ್ಮಾರ್ಕ್ ಅಧ್ಯಯನದಲ್ಲಂತೂ ವಿಟಮಿನ್‌ನಿಂದ ಅಡ್ಡಿಯೇ ಕಾಣಲಿಲ್ಲ. ಜೀವಕೋಶದೊಳಗಿನ ಗುರುತುಗಳಲ್ಲಿ ಅಡ್ಡಿ ಕಾಣುತ್ತದೆ, ಓಟದ ಮೈದಾನದಲ್ಲಿ ಅದು ಯಾವಾಗಲೂ ಕಾಣುವುದಿಲ್ಲ: ಸಾಕ್ಷ್ಯ ಸದ್ಯಕ್ಕೆ ನಿಂತಿರುವುದು ಇಲ್ಲಿ.

ಇಷ್ಟರಿಂದ ಒಂದು ಮಾತು ಖಚಿತವಾಗುತ್ತದೆ. ಸುಡುವ ಕಣಗಳು ಬರೀ ಕಸವಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಸ್ನಾಯುವಿನೊಳಗೆ ಸುದ್ದಿ ಒಯ್ಯುವ ಆಳೂ ಹೌದು. ಭಾರ ಬಿದ್ದಿದೆ, ಇನ್ನಷ್ಟು ಮೈಟೊಕಾಂಡ್ರಿಯ ಕಟ್ಟು, ಕಾಪಾಡುವ ಕಿಣ್ವಗಳನ್ನು ಹೆಚ್ಚಿಸು ಎಂಬ ಆದೇಶ ಜೀವಕೋಶಕ್ಕೆ ಮುಟ್ಟುವ ದಾರಿಗಳಲ್ಲಿ ಇದೂ ಒಂದು. ಕಾಪಾಡುವ ಕಿಣ್ವಗಳೆಂದರೆ ದೇಹ ತಾನೇ ತಯಾರಿಸಿಕೊಳ್ಳುವ ಆ್ಯಂಟಿಆಕ್ಸಿಡೆಂಟ್‌ಗಳು. ಅಭ್ಯಾಸ ಮಾಡುವವರ ಸ್ನಾಯುವಿನಲ್ಲಿ ಇವು ತಾವಾಗಿಯೇ ಹೆಚ್ಚುತ್ತವೆ. ಹಾನಿ ಮಾಡಬಲ್ಲ ಕಣವೂ ಅದೇ, ಹಾನಿಯ ಸುದ್ದಿ ಹೇಳಿ ಮೈಯನ್ನು ಗಟ್ಟಿ ಮಾಡುವ ಕಣವೂ ಅದೇ. ಹೊರಗಿನಿಂದ ಸುರಿದ ವಿಟಮಿನ್ ಅದನ್ನು ಆರಿಸಿದರೆ ಸುಡುವಿಕೆಯ ಜೊತೆ ಸುದ್ದಿಯೂ ಆರಿಹೋಗಬಹುದು.

ಇಲ್ಲಿಂದ ಮುಂದಿನದು ತಪಸ್ಸಿನ ಪ್ರದೇಶ. ತಪಸ್ಸು ಎಂಬ ಪದ ಹುಟ್ಟಿದ್ದು ಕಾಯುವುದು, ಸುಡುವುದು ಎಂಬ ಅರ್ಥದ ಧಾತುವಿನಿಂದ. ಕಾವಿಲ್ಲದೆ ಮೊಟ್ಟೆ ಮರಿಯಾಗುವುದಿಲ್ಲ, ಮಡಕೆ ಗಟ್ಟಿಯಾಗುವುದಿಲ್ಲ. ಮನುಷ್ಯನೂ ಹಾಗೆಯೇ ಎಂಬುದು ಆ ಪದದೊಳಗಿನ ತಿಳಿವು. ಗ್ರೀಕರಲ್ಲೂ ಇಂಥದೇ ಸೇತುವೆ ಇತ್ತು. ಅವರ ಅಸ್ಕೆಸಿಸ್ ಎಂಬ ಪದ ಕ್ರೀಡಾಪಟುವಿನ ಅಭ್ಯಾಸವನ್ನೂ ಸೂಚಿಸುತ್ತಿತ್ತು. ಕ್ರೈಸ್ತ ವಿರಕ್ತರ ಕಠಿಣ ಬದುಕಿಗೂ ಮುಂದೆ ಅದೇ ಹೆಸರಾಯಿತು. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಂತ ಪೌಲ ಭಕ್ತನನ್ನು ಓಟದ ಸ್ಪರ್ಧಿಗೆ ಹೋಲಿಸಿದ್ದೂ ಈ ಪರಂಪರೆಯಲ್ಲೇ. ಹೀಗೆ ಓಟದ ಅಂಗಣ ಮತ್ತು ಮಠ ಒಂದೇ ಪದದ ಎರಡು ಕೊನೆಗಳು. ಕಷ್ಟ ಮನುಷ್ಯನನ್ನು ಕಟ್ಟುತ್ತದೆ ಎಂಬ ಮಾತನ್ನು ಎರಡೂ ಕಡೆ ನಂಬಲಾಗುತ್ತದೆ.

ಈ ನಂಬಿಕೆಯನ್ನು ದೇವರ ನ್ಯಾಯದ ಪ್ರಶ್ನೆಗೆ ಉತ್ತರವಾಗಿಸಿದವರೂ ಇದ್ದಾರೆ. ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಲೋಕದಲ್ಲಿ ಇಷ್ಟು ದುಃಖ ಏಕೆ? ಎರಡನೆಯ ಶತಮಾನದ ಇರೇನಿಯಸ್ ಎಂಬ ಬಿಷಪ್ಪನ ವಿಚಾರಗಳನ್ನು ಆಧರಿಸಿ ಬ್ರಿಟನ್ನಿನ ದಾರ್ಶನಿಕ ಜಾನ್ ಹಿಕ್ 1966ರಲ್ಲಿ ವಿವರವಾದ ಉತ್ತರ ಕೊಟ್ಟರು: ಲೋಕ ಸುಖದ ಮನೆಯಾಗಲೆಂದು ಮಾಡಿದ್ದಲ್ಲ, ಆತ್ಮಗಳು ಬೆಳೆಯುವ ಗರಡಿ ಅದು, ಅಡ್ಡಿ ಆತಂಕಗಳೇ ಇಲ್ಲದ ಲೋಕದಲ್ಲಿ ಧೈರ್ಯ, ಕರುಣೆ, ತಾಳ್ಮೆ ಹುಟ್ಟುವುದೇ ಇಲ್ಲ. ಉಳಿಪೆಟ್ಟು ತಿನ್ನದೆ ಕಲ್ಲು ಮೂರ್ತಿಯಾಗದು ಎಂದು ಕನ್ನಡದ ಹಳ್ಳಿಗಳಲ್ಲಿ ಹೇಳುವುದು ಇದನ್ನೇ. ಮೈಟೊಕಾಂಡ್ರಿಯದ ಪ್ರಯೋಗಗಳನ್ನು ಓದಿದವರಿಗೆ ಹಿಕ್ ಅವರ ವಾದಕ್ಕೆ ಜೀವಶಾಸ್ತ್ರವೇ ಸಾಕ್ಷಿ ನುಡಿದಂತೆ ಕಂಡರೆ ಆಶ್ಚರ್ಯವಿಲ್ಲ.

ಆದರೆ ಸಾಕ್ಷಿಯನ್ನು ಪೂರ್ತಿ ಕೇಳಬೇಕು. ಕಲ್ಲಿಗೆ ಪೆಟ್ಟು ಕೊಟ್ಟು, ಕಡೆದು ಮೂರ್ತಿ ಮಾಡುವವನು ಹೊರಗಿನವನು, ಕಲ್ಲು ಸುಮ್ಮನಿರುತ್ತದೆ. ಸ್ನಾಯುವಿನಲ್ಲಿ ಪೆಟ್ಟು ತಿನ್ನುವುದೂ ಕಟ್ಟುವುದೂ ಅದೇ ಜೀವ. ಕಟ್ಟಲು ಅದಕ್ಕೆ ಅನ್ನ ಬೇಕು, ನಿದ್ದೆ ಬೇಕು, ಮುಂದಿನ ಪೆಟ್ಟಿಗೆ ಮುಂಚೆ ಬಿಡುವು ಬೇಕು. ಇವು ಇಲ್ಲದ ಕಡೆ ಅದೇ ಪೆಟ್ಟು ಬಲ ಕೊಡುವುದಿಲ್ಲ. ಬಿಡುವಿಲ್ಲದೆ ಅಭ್ಯಾಸ ಮಾಡುವ ಓಟಗಾರರ ವೇಗ ತಿಂಗಳುಗಟ್ಟಲೆ ಕುಸಿಯುತ್ತದೆ, ನಿದ್ದೆ ಕೆಡುತ್ತದೆ. ಸಾಕಷ್ಟು ತಿನ್ನದೆ ಓಡುವ ಹೆಣ್ಣುಮಕ್ಕಳ ಮುಟ್ಟು ನಿಲ್ಲುತ್ತದೆ, ಮೂಳೆ ಬಿರುಕು ಬಿಡುತ್ತದೆ. ಒಂದೇ ಹತ್ತು ಕಿಲೋಮೀಟರು ಉಂಡು ಮಲಗುವವರಿಗೆ ಅಭ್ಯಾಸ, ಹಸಿದು ದುಡಿಯುವವರಿಗೆ ಸವೆತ. ತಲೆಹೊರೆ ಹೊತ್ತು ಬಿಸಿಲಲ್ಲಿ ದಿನವಿಡೀ ನಡೆಯುವ ಕೂಲಿಯವರ ಮಂಡಿ ಮೂವತ್ತು ವರ್ಷದಲ್ಲಿ ಗಟ್ಟಿಯಾಗುವುದಿಲ್ಲ, ಸವೆದುಹೋಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಕೆಸರಾದ ಕೈಗೇ ಮೊಸರು ಸಿಗುತ್ತದೆಂದು ನಂಬಿ ಹುಟ್ಟಿದ್ದು. ದುಃಖ ಮನುಷ್ಯನನ್ನು ಬೆಳೆಸುತ್ತದೆ ಎಂದು ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳುವಾಗ ಸ್ನಾಯುವಿನ ಉದಾಹರಣೆಯನ್ನು ಕರೆತರುವುದು ಅನ್ಯಾಯ. ಸ್ನಾಯು ಹೇಳುವುದು ಅದಕ್ಕೆ ತೀರಾ ವಿರುದ್ಧವಾದದ್ದನ್ನು. ರೋಗ, ಕ್ಷಾಮ, ಮಗುವಿನ ಸಾವು ಇವುಗಳಿಗೆ ಗರಡಿಯ ಹೋಲಿಕೆ ಹೊಂದುವುದೇ ಇಲ್ಲ. ಹಿಕ್ ಕೂಡ ಈ ತೊಡಕನ್ನು ಬಲ್ಲವರಾಗಿದ್ದರು. ಬದುಕು ಸಾವಿಗೆ ಮುಗಿಯುವುದಿಲ್ಲ ಎಂಬ ನಂಬಿಕೆಯನ್ನು ಅವರು ವಾದಕ್ಕೆ ಸೇರಿಸಿಕೊಳ್ಳಬೇಕಾಗಿ ಬಂದದ್ದು ಅದಕ್ಕಾಗಿಯೇ.

ಇನ್ನೊಂದು ತಪ್ಪು ತಿಳಿವಳಿಕೆ ನೋವನ್ನೇ ಪೂಜಿಸುವುದು. ಮರುದಿನ ಮೈ ನೋಯದಿದ್ದರೆ ಅಭ್ಯಾಸ ಸಾಲಲಿಲ್ಲ ಎಂದುಕೊಳ್ಳುವ ಓಟಗಾರರು ಬಹಳ. ನೋವಿನ ಪ್ರಮಾಣಕ್ಕೂ ಸ್ನಾಯು ಬಲಿಯುವ ಪ್ರಮಾಣಕ್ಕೂ ಅಂಥ ನೇರ ಸಂಬಂಧ ಇಲ್ಲ. ವರ್ಷಗಟ್ಟಲೆ ಓಡಿದವರು ನೋವೇ ಇಲ್ಲದೆ ಮುಂದುವರಿಯುತ್ತಾರೆ. ಅಭ್ಯಾಸವಿಲ್ಲದವರು ಒಂದು ಇಳಿಜಾರಿಗೆ ನಾಲ್ಕು ದಿನ ಕುಂಟುತ್ತಾರೆ. ಆದೇಶ ಒಯ್ಯುವ ಕಣವನ್ನು ಒಂದು ಕಡೆ ಇಟ್ಟು ನೋವನ್ನು ಇನ್ನೊಂದು ಕಡೆ ಇಟ್ಟು ನೋಡಿದರೆ ಎರಡೂ ಬೇರೆ ಬೇರೆ ಸಂಗತಿ.

ಭಾರತದ ಧರ್ಮಗಳು ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಗುರುತಿಸಿದ್ದವು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ತಪಸ್ಸನ್ನು ಸಾತ್ತ್ವಿಕ, ರಾಜಸ, ತಾಮಸ ಎಂದು ಮೂರಾಗಿ ವಿಂಗಡಿಸಿ, ಮೊಂಡುತನದಿಂದ ತನ್ನನ್ನೇ ಹಿಂಸಿಸಿಕೊಳ್ಳುವುದನ್ನು ಮೂರನೆಯದಕ್ಕೆ ಸೇರಿಸುತ್ತದೆ; ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಉಣ್ಣದೇ ಇರುವವನಿಗೂ ಯೋಗ ದಕ್ಕದು ಎನ್ನುತ್ತದೆ. ದೇಹದಂಡನೆಗೆ ಹೆಸರಾದ ಜೈನಧರ್ಮದ ನಿಲುವು ಇನ್ನೂ ಸೂಕ್ಷ್ಮ. ಕಾಯಕ್ಲೇಶ ಅಲ್ಲಿ ಆರು ಬಾಹ್ಯ ತಪಸ್ಸುಗಳಲ್ಲಿ ಒಂದು. ಹಾಗಿದ್ದರೂ ತೀರ್ಥಂಕರ ಪದವಿಗೆ ಒಯ್ಯುವ ಭಾವನೆಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರ ತಪಸ್ಸಿಗೆ ಒಂದು ಮಿತಿ ಹಾಕುತ್ತದೆ: ಅವರವರ ಶಕ್ತಿಗೆ ತಕ್ಕಂತೆ. ಶ್ರವಣಬೆಳಗೊಳದ ಬಾಹುಬಲಿಯನ್ನು ಹತ್ತಿರದಿಂದ ನೋಡಿದವರಿಗೆ ಕಾಲಬಳಿಯ ಹುತ್ತಗಳೂ ತೊಡೆಯನ್ನು, ತೋಳನ್ನು ಸುತ್ತಿ ಮೇಲೇರಿದ ಬಳ್ಳಿಗಳೂ ನೆನಪಿರುತ್ತವೆ. ಒಂದು ವರ್ಷ ಅಲುಗಾಡದೆ ನಿಂತ ಗುರುತು ಅವು. ಆ ಒಂದು ವರ್ಷದ ನಿಲುವೇ ಕೇವಲಜ್ಞಾನ ಕೊಡಲಿಲ್ಲ ಎಂಬುದು ಕತೆಯ ತಿರುಳು. ಮನಸ್ಸಿನ ಮೂಲೆಯಲ್ಲಿ ಅಣ್ಣ ಭರತನ ವಿಷಯವಾಗಿ ಒಂದು ಮುಳ್ಳು ಉಳಿದಿತ್ತು. ಭರತ ಬಂದು ವಂದಿಸಿದ ಮೇಲೆ ಅದು ಕಿತ್ತುಬಂತು, ಜ್ಞಾನ ಉದಿಸಿತು. ಮೈ ಪಟ್ಟ ಪಾಡು ಎಷ್ಟೇ ದೊಡ್ಡದಾದರೂ ಫಲದ ಲೆಕ್ಕ ಅದರ ಮೇಲೆ ಮಾತ್ರ ನಿಂತಿರಲಿಲ್ಲ.

ಓಟಗಾರರ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಕತೆ ಇರುವುದು ಬೌದ್ಧ ಪಾಲಿ ಗ್ರಂಥಗಳಲ್ಲಿ. ಸೋಣ ಕೋಳಿವಿಸ ಚಂಪಾ ನಗರದ ಸಿರಿವಂತರ ಮನೆಯ ಹುಡುಗ. ನೆಲಕ್ಕೆ ಕಾಲೂರದಷ್ಟು ಸುಖದಲ್ಲಿ ಬೆಳೆದವನು, ಅಂಗಾಲಿನ ಮೃದುತನಕ್ಕೇ ಹೆಸರಾಗಿದ್ದವನು. ಬುದ್ಧನ ಬಳಿ ಭಿಕ್ಷುವಾದ ಮೇಲೆ ಅವನು ಚಂಕ್ರಮಣ ಎಂಬ ನಡಿಗೆಯ ಧ್ಯಾನವನ್ನು ಹಿಡಿದ. ಹಗಲೂ ರಾತ್ರಿ ಒಂದೇ ಪಥದಲ್ಲಿ ಅತ್ತಿಂದಿತ್ತ ನಡೆದ. ಅಂಗಾಲು ಒಡೆಯಿತು, ನಡೆಯುವ ಪಥವೆಲ್ಲ ಕಸಾಯಿಖಾನೆಯ ನೆಲದಂತೆ ರಕ್ತವಾಯಿತು. ಇಷ್ಟು ಮಾಡಿಯೂ ಮುಕ್ತಿ ಸಿಗಲಿಲ್ಲ, ಮನೆಗೆ ಮರಳಿ ಹಣವನ್ನು ದಾನಧರ್ಮಕ್ಕೆ ಬಳಸುವುದೇ ಮೇಲೇನೋ ಎಂದು ಅವನಿಗೆ ಅನ್ನಿಸಿತು. ಆಗ ಬುದ್ಧ ಅವನನ್ನು ಕಂಡು, ಅವನು ಹಿಂದೆ ನುಡಿಸುತ್ತಿದ್ದ ವೀಣೆಯ ಬಗ್ಗೆ ವಿಚಾರಿಸಿದ. ತಂತಿ ತೀರ ಬಿಗಿಯಾದರೆ ನಾದ ಬರುತ್ತಿತ್ತೇ, ತೀರ ಸಡಿಲವಾದರೆ ಬರುತ್ತಿತ್ತೇ ಎಂದು. ಪ್ರಯತ್ನವನ್ನೂ ಹಾಗೆಯೇ ಶ್ರುತಿಗೆ ತರಬೇಕೆಂದು ಹೇಳಿ ಹೋದ.

ವೀಣೆಯ ಮಾತು ಎಲ್ಲರಿಗೂ ಗೊತ್ತು. ಅದೇ ಕತೆ ವಿನಯಪಿಟಕದಲ್ಲಿ ಮುಂದುವರಿಯುವುದು ಅಷ್ಟು ಪ್ರಸಿದ್ಧವಲ್ಲ. ಬುದ್ಧ ಸೋಣನಿಗೆ ಒಂದು ಪದರದ ಪಾದರಕ್ಷೆ ಹಾಕಿಕೊಳ್ಳಲು ಅನುಮತಿ ಕೊಡುತ್ತಾನೆ. ಸೋಣ ಒಪ್ಪುವುದಿಲ್ಲ. ಗಾಡಿಗಟ್ಟಲೆ ಚಿನ್ನ ಬಿಟ್ಟುಬಂದವನು ಒಂದು ಜೊತೆ ಚಪ್ಪಲಿಗೆ ಅಂಟಿಕೊಂಡ ಎಂದು ಜನ ಆಡಿಕೊಂಡಾರು; ಸಂಘಕ್ಕೆಲ್ಲ ಅನುಮತಿ ಸಿಕ್ಕರೆ ತಾನೂ ಹಾಕಿಕೊಳ್ಳುವೆ ಎನ್ನುತ್ತಾನೆ. ಬುದ್ಧ ಸಂಘಕ್ಕೆಲ್ಲ ಅನುಮತಿ ಕೊಡುತ್ತಾನೆ. ಒಡೆದ ಅಂಗಾಲನ್ನು ಸಾಧನೆಯ ಪದಕವೆಂದು ಅವನು ಹೊಗಳಲಿಲ್ಲ, ನಡಿಗೆಯನ್ನು ಬಿಡು ಎಂದೂ ಹೇಳಲಿಲ್ಲ. ನಡಿಗೆ ಉಳಿಯಿತು, ರಕ್ತ ನಿಂತಿತು.

ದೇಹಕ್ಕೆ ಕೊಡುವ ಯಾವ ನೆರವನ್ನೂ ಈ ಪಾದರಕ್ಷೆಯ ಪಕ್ಕದಲ್ಲಿಟ್ಟು ಕೇಳಬಹುದು. ಸಾಧನೆಯನ್ನು ಉಳಿಸಿ ಅನಗತ್ಯವಾದ ಗಾಯವನ್ನು ತಪ್ಪಿಸುವ ನೆರವೋ ಇದು, ಅಥವಾ ಗಾಯದ ಜೊತೆ ಸಾಧನೆಯನ್ನೂ ಒರೆಸಿಹಾಕುವ ನೆರವೋ? ಒಳ್ಳೆಯ ಬೂಟು, ದಾರಿಯ ನೀರು, ಓಟದ ನಂತರದ ಊಟ, ಒಂಬತ್ತು ಗಂಟೆಯ ನಿದ್ದೆ ಇವೆಲ್ಲ ಪಾದರಕ್ಷೆಯ ಸಾಲಿಗೆ ಸೇರುತ್ತವೆ. ಅಭ್ಯಾಸದ ತಿಂಗಳುಗಳಲ್ಲಿ ದಿನಾ ನುಂಗುವ 1,000 ಮಿಲಿಗ್ರಾಂ ವಿಟಮಿನ್ ಆ ಸಾಲಿಗೆ ಸೇರುವುದು ಅನುಮಾನ.

ಅದೇ ಮಾತ್ರೆ ಬೇರೆ ಹೊತ್ತಿನಲ್ಲಿ ಪಾದರಕ್ಷೆಯಾಗಬಹುದು ಎಂಬುದನ್ನೂ ಹೇಳಬೇಕು. ದಕ್ಷಿಣ ಆಫ್ರಿಕದ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ 1921ರಿಂದ ನಡೆಯುತ್ತಿರುವ ಕಾಮ್ರೇಡ್ಸ್ ಓಟದ ದೂರ ಸುಮಾರು 90 ಕಿಲೋಮೀಟರ್. ಅಷ್ಟು ಓಡಿದ ಮೇಲೆ ಹಲವರಿಗೆ ನೆಗಡಿ, ಗಂಟಲುನೋವು ಬರುತ್ತದೆ. ಓಟಕ್ಕೆ ಮುಂಚೆ ಮೂರು ವಾರ ದಿನಕ್ಕೆ 600 ಮಿಲಿಗ್ರಾಂ ವಿಟಮಿನ್ ಸಿ ತೆಗೆದುಕೊಂಡವರಲ್ಲಿ ಶೇ. 33 ಜನರಿಗೆ, ತೆಗೆದುಕೊಳ್ಳದವರಲ್ಲಿ ಶೇ. 68 ಜನರಿಗೆ ಇಂಥ ಲಕ್ಷಣ ಕಂಡಿತೆಂದು 1993ರಲ್ಲಿ ವರದಿಯಾಯಿತು. ಮ್ಯಾರಥಾನ್ ಓಟಗಾರರು, ಸ್ಕೀಯಿಂಗ್ ಮಾಡುವವರು, ಸೈನಿಕರು ಸೇರಿ 598 ಜನರ ಐದು ಪ್ರಯೋಗಗಳನ್ನು ಒಟ್ಟು ನೋಡಿದಾಗಲೂ ನೆಗಡಿಯ ಸಾಧ್ಯತೆ ಅರ್ಧಕ್ಕೆ ಇಳಿದಿತ್ತು. ಸಾಮಾನ್ಯ ಜನರಲ್ಲಿ ಈ ಲಾಭ ಕಾಣುವುದಿಲ್ಲ. ಸ್ಪರ್ಧೆಯ ವಾರದಲ್ಲಿ ಓಟಗಾರನ ಗುರಿ ಮೈಯನ್ನು ಬೆಳೆಸುವುದಲ್ಲ, ಬೆಳೆಸಿಟ್ಟ ಮೈಯನ್ನು ಕೆಡದಂತೆ ಗುರಿ ಮುಟ್ಟಿಸುವುದು. ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ತಿಳಿಸುತ್ತಾನೆ. ವಸ್ತುವನ್ನಷ್ಟೇ ನೋಡಿ ಇದು ಶ್ರೇಯಸ್ಸು, ಇದು ಪ್ರೇಯಸ್ಸು ಎಂದು ಚೀಟಿ ಅಂಟಿಸಲು ಬರುವುದಿಲ್ಲ. ಯಾರು, ಯಾವಾಗ, ಯಾತಕ್ಕಾಗಿ ಎಂದು ಕೇಳಿದ ಮೇಲೆಯೇ ಅದು ನಿರ್ಧಾರವಾಗುತ್ತದೆ.

ಜಪಾನಿನ ಹಿಯೇ ಬೆಟ್ಟದ ತೆಂದಾಯ್ ಪಂಥದ ಭಿಕ್ಷುಗಳು ಈ ಮೂರು ಪ್ರಶ್ನೆಗಳಿಗೂ ಬೇರೆಯೇ ಉತ್ತರ ಕೊಡುತ್ತಾರೆ. ಕೈಹೋಗ್ಯೊ ಎಂಬ ಅವರ ವ್ರತ ಏಳು ವರ್ಷಗಳಲ್ಲಿ ಹರಡಿದ 1,000 ದಿನಗಳ ಬೆಟ್ಟದ ನಡಿಗೆ. ಮೊದಲ ವರ್ಷಗಳಲ್ಲಿ ದಿನಕ್ಕೆ ಸುಮಾರು 30 ಕಿಲೋಮೀಟರ್, ಆರನೆಯ ವರ್ಷ 60, ಏಳನೆಯ ವರ್ಷದ 100 ದಿನ 84. ಕಾಲಿಗೆ ಹುಲ್ಲಿನ ಚಪ್ಪಲಿ, ಮಳೆಯಲ್ಲಿ ನೆನೆದರೆ ಒಂದೇ ದಿನದಲ್ಲಿ ಹರಿಯುವಂಥದು. ಊಟ ಅನ್ನ, ತರಕಾರಿ, ತೋಫು, ಮೀಸೊ ಸಾರು. ಸಕಾಯಿ ಯೂಸಾಯ್ ಎಂಬ ಭಿಕ್ಷು ಈ ವ್ರತವನ್ನು ಎರಡು ಸಲ ಪೂರೈಸಿದರು, ಎರಡನೆಯದನ್ನು ಅರವತ್ತರ ವಯಸ್ಸಿನಲ್ಲಿ. ವ್ರತದ ರಚನೆ ಗಮನಿಸಬೇಕಾದದ್ದು. ಮೊದಲ ಮೂರು ವರ್ಷ ವರ್ಷಕ್ಕೆ 100 ದಿನ ಮಾತ್ರ ನಡಿಗೆ, ಉಳಿದ ತಿಂಗಳು ಮಠದ ಕೆಲಸ; ಆಮೇಲೆ 200 ದಿನ; ಅದಾದ ಮೇಲೆ ದೂರ ಹೆಚ್ಚುತ್ತದೆ. ಕ್ರೀಡಾ ತರಬೇತಿಯಲ್ಲಿ ಹೊರೆಯನ್ನು ಹಂತಹಂತವಾಗಿ ಏರಿಸುವ ಕ್ರಮವೇ ಇದು, ಮೈಟೊಕಾಂಡ್ರಿಯದ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಕಂಡುಕೊಂಡದ್ದು. ಆದರೆ ಅದೇ ವ್ರತದ ನಡುವೆ ಒಂಬತ್ತು ದಿನ ಅನ್ನ, ನೀರು, ನಿದ್ದೆ ಮೂರನ್ನೂ ಬಿಟ್ಟು ಕೂರುವ ಘಟ್ಟವೊಂದಿದೆ. ಅಲ್ಲಿ ದೇಹದ ಹಿತದ ಲೆಕ್ಕ ಪೂರ್ತಿ ಮುಗಿದಿರುತ್ತದೆ. ಅದನ್ನು ಆರೋಗ್ಯದ ಭಾಷೆಯಲ್ಲಿ ಸಮರ್ಥಿಸಲೂ ಬರುವುದಿಲ್ಲ, ಆ ಭಾಷೆಯಲ್ಲಿ ಅಲ್ಲಗಳೆದರೆ ವ್ರತ ಹಿಡಿದವರಿಗೆ ಅದು ತಾಗುವುದೂ ಇಲ್ಲ.

ಉಳಿದಿರುವುದು ಅಳತೆಯ ಮಾತು. ಕನ್ನಡದಲ್ಲಿ ಗುಳಿಗೆಗೆ ಮಾತ್ರೆ ಎಂದೂ ಹೆಸರು. ಮಾತ್ರಾ ಎಂದರೆ ಅಳತೆ, ಪ್ರಮಾಣ. ಛಂದಸ್ಸಿನಲ್ಲಿ ಅಕ್ಷರದ ಕಾಲವನ್ನು ಎಣಿಸುವ ಮಾತ್ರೆಯೂ ಅದೇ. ಮದ್ದಿನ ಹೆಸರಿನೊಳಗೇ ಎಷ್ಟು ಎಂಬ ಪ್ರಶ್ನೆ ಕೂತಿದೆ. ಅರಿಸ್ಟಾಟಲ್ ನಡುದಾರಿಯ ಗುಣವನ್ನು ವಿವರಿಸುವಾಗ ಆರಿಸಿಕೊಂಡದ್ದೂ ಕ್ರೀಡೆಯ ಉದಾಹರಣೆಯನ್ನೇ: ಮೈಲೊ ಎಂಬ ಜಗಜಟ್ಟಿಗೆ ಸಾಲದ ಊಟ ಹೊಸದಾಗಿ ಗರಡಿಗೆ ಬಂದವನಿಗೆ ಹೆಚ್ಚಾಗುತ್ತದೆ, ಹದ ಎಂಬುದು ಎರಡು ಸಂಖ್ಯೆಗಳ ಸರಾಸರಿಯಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಭಾರತದ ವಯಸ್ಕ ಗಂಡಸರಿಗೆ ದಿನಕ್ಕೆ 80, ಹೆಂಗಸರಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಸೂಚಿಸಿತು. ನೂರು ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಮಿನಷ್ಟು ಇರುತ್ತದೆ, ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಉಪ್ಪು ಖಾರ ಹಚ್ಚಿ ಕಾಗದದಲ್ಲಿ ಕೊಡುವ ಒಂದು ಸೀಬೆಹಣ್ಣಿಗೆ ದಿನದ ಅಗತ್ಯ ತೀರಿತು. ಒಂದು ಗ್ರಾಂ ಗುಳಿಗೆ ಆ ಅಗತ್ಯದ ಹನ್ನೆರಡು ಪಟ್ಟಿಗೂ ಮೇಲು. ಅಷ್ಟು ದೊಡ್ಡ ಪ್ರಮಾಣದಲ್ಲಿ ಕರುಳು ಸುಮಾರು ಅರ್ಧದಷ್ಟನ್ನೇ ಹೀರಿಕೊಳ್ಳುತ್ತದೆ, ರಕ್ತಕ್ಕೆ ಸೇರಿದ ಹೆಚ್ಚಿನದನ್ನು ಮೂತ್ರಪಿಂಡ ಹೊರಹಾಕುತ್ತದೆ. ಕೊಬ್ಬಿನಲ್ಲಿ ಕರಗುವ ಪೂರಕಗಳನ್ನು ಹೀಗೆ ಸುಲಭವಾಗಿ ಹೊರಹಾಕಲು ಆಗುವುದಿಲ್ಲ. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೀಟಾ ಕ್ಯಾರೊಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು ಬಂತು.

ಕೊರತೆ ಇರುವವರ ಸಂಗತಿ ಬೇರೆ. ವಿಟಮಿನ್ ಸಿ ಇಲ್ಲದೆ ದೇಹ ಕೊಲಾಜನ್ ಕಟ್ಟಲಾರದು. ಕೊಲಾಜನ್ ಇಲ್ಲದೆ ಗಾಯ ಮಾಯುವುದಿಲ್ಲ, ಸ್ನಾಯುರಜ್ಜು ಗಟ್ಟಿಯಾಗುವುದಿಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಹಡಗಿನಲ್ಲಿ ಸ್ಕರ್ವಿ ರೋಗದ ನಾವಿಕರಿಗೆ ಕಿತ್ತಳೆ, ನಿಂಬೆ ಕೊಟ್ಟಾಗ ಅವರು ಒಂದು ವಾರದೊಳಗೆ ಎದ್ದು ಓಡಾಡಿದರು. ಹಣ್ಣು ತರಕಾರಿ ಕೈಗೆಟುಕದ ಓಟಗಾರನಿಗೆ ಅದೇ ಗುಳಿಗೆ ಔಷಧಿ, ಅದನ್ನು ವೈದ್ಯರು ಪರೀಕ್ಷಿಸಿ ಕೊಡಬೇಕು.

ಇಳಿಜಾರಿನ ನೋವಿಗೆ ಇಂದು ತಿಳಿದಿರುವ ಒಳ್ಳೆಯ ರಕ್ಷಣೆ ಯಾವುದೆಂದರೆ ಮುಂಚೆ ಒಮ್ಮೆ ಸ್ವಲ್ಪ ಇಳಿದಿರುವುದು. ತೊಡೆಯ ಸ್ನಾಯು ಒಂದು ಸಲ ಈ ಬಗೆಯ ಎಳೆತವನ್ನು ಕಂಡರೆ ಆಮೇಲೆ ಹಲವು ವಾರಗಳವರೆಗೆ ಅದೇ ಕೆಲಸಕ್ಕೆ ಅಷ್ಟು ಹರಿಯುವುದಿಲ್ಲ, ಅಷ್ಟು ನೋಯುವುದಿಲ್ಲ. ಮೊದಲ ಸಲದ ಎಳೆತ ನೋವು ತರುವಷ್ಟು ದೊಡ್ಡದಾಗಿರಬೇಕೆಂದೂ ಇಲ್ಲ. ಶಿವರಾತ್ರಿಗೆ ಎರಡು ವಾರ ಮುಂಚೆ ಊರ ಪಕ್ಕದ ಗುಡ್ಡವನ್ನು ನಾಲ್ಕಾರು ಸಲ ನಿಧಾನವಾಗಿ ಹತ್ತಿಳಿದು, ನಡುವೆ ಎರಡೆರಡು ದಿನ ಬಿಡುವು ಕೊಟ್ಟವರ ತೊಡೆ ಚಾರ್ಮಾಡಿಯ ತಿರುವುಗಳನ್ನು ಕಡಿಮೆ ನೋವಿನಲ್ಲಿ ದಾಟುತ್ತದೆ.